ಮಾಳಿಗೆಯ ಮೇಲೊಂದು ಬಿಸಿಲ ಪೀರಿಯಡ್

ನನಗೆ ಸಿಕ್ಕ ಪ್ರಮೋಶನ್‌ಗಳ ಬಗ್ಗೆ ಇಲ್ಲಿ ಏನೂ ಬರೆಯುವುದಿಲ್ಲ. ಸಿಗಲಿಲ್ಲ ಎಂಬುದು ಒಂದು ಕಾರಣ. ಸಿಕ್ಕಿದ್ದರೂ ಹೊಸದಾಗಿ ಶಾಲೆಗೆ ಟೀಚರಾಗಿ ಸೇರುವ ನಿಮ್ಮಂಥವರಿಗೆ ಅದರಿಂದ ಏನೂ ಉಪಯೋಗವಿರಲಿಲ್ಲ ಎಂಬುದು ಇನ್ನೊಂದು. ನಾನು ಹೇಳಬೇಕೆಂದಿರುವುದು ಶನಿವಾರದ ಒಂದು ಪೀರಿಯಡ್ಡಿನ ಕತೆ. ಸರಕಾರದ ಲೆಕ್ಕದಲ್ಲಿ ಅದರ ಹೆಸರು ‘ಕಾರ್ಯಾನುಭವ’. ಅಂದರೆ ಮಕ್ಕಳ ಕೈಯಿಂದ ಲಕೋಟೆ ಅಂಟಿಸುವುದು, ಕಸಬರಿಗೆ ಕಟ್ಟಿಸುವುದು, ಕಾಗದದ ಹೂ ಮಾಡಿಸುವುದು. ನಾನು ಅದರಲ್ಲಿ ಬಿಸಿಲಿನಿಂದ ಚಿತ್ರ ತೆಗೆಯಿಸುತ್ತಿದ್ದೆ. ಇದು ಯಾವ ಟೈಮ್‌ಟೇಬಲ್ಲಿನಲ್ಲೂ ಇರಲಿಲ್ಲ. ಯಾರು ಬೇಕಾದರೂ ಡಸ್ಟರ್ ಎತ್ತಿ ಒರೆಸಿಬಿಡಬಹುದಿತ್ತು. ಮೂರು ಸಲ ಎತ್ತಿದರು ಕೂಡ. ನನ್ನ ಸರ್ವಿಸ್ಸಿನ ನಿಜವಾದ ಕೆಲಸವೆಂದರೆ ಆ ಒಂದು ಪೀರಿಯಡ್ಡನ್ನು ಕಾಪಾಡಿಕೊಂಡದ್ದು. ಉಳಿದ ವೇಳೆಯಲ್ಲಿ ಇಂಗ್ಲಿಷ್ ಕಲಿಸಿದೆ.

ಚಿತ್ರ ತೆಗೆಯುವ ರೀತಿ ಬಹಳ ಸಿಂಪಲ್. ಎರಡು ಬಗೆಯ ಕೆಮಿಕಲ್ ಉಪ್ಪು, ಒಂದು ಹಸಿರು, ಒಂದು ಕೆಂಪು, ನೀರಿನಲ್ಲಿ ಕಲಸಿ ಕತ್ತಲ ಕೋಣೆಯಲ್ಲಿ ಹಾಳೆಗೆ ಬಳಿಯಬೇಕು. ಒಣಗಿದ ಮೇಲೆ ಅದರ ಮೇಲೊಂದು ಎಲೆಯಿಟ್ಟು, ಗಾಜು ಮುಚ್ಚಿ, ಬಿಸಿಲಿಗಿಡಬೇಕು. ಹತ್ತು ನಿಮಿಷ ಬಿಟ್ಟು ಬರಿಯ ನೀರಿನಲ್ಲಿ ತೊಳೆದರೆ, ಬಿಸಿಲು ಬಿದ್ದಲ್ಲಿ ಗಾಢ ನೀಲಿ, ನೆರಳಿದ್ದಲ್ಲಿ ಬಿಳಿ. ಎಲೆಯ ಚಿತ್ರ ರೆಡಿ. ಕ್ಯಾಮೆರಾ ಬೇಡ, ಫಿಲ್ಮ್ ಬೇಡ, ಕರೆಂಟಂತೂ ಬೇಡವೇ ಬೇಡ. ನಮ್ಮ ಕಡೆ ಈ ಕೊನೆಯದು ಮುಖ್ಯ.

ಇದನ್ನು ನನಗೆ ಕಲಿಸಿದವರು ಬೆಳಗಾವಿಯ ಕಾನ್ವೆಂಟಿನಲ್ಲಿ ನಮಗೆ ಸೈನ್ಸ್ ಹೇಳುತ್ತಿದ್ದ ಸಿಸ್ಟರ್ ಬೆನಡಿಕ್ಟಾ. ಅವರು ಫರ್ನ್ ಎಲೆ ಬಿಟ್ಟು ಬೇರೆಯದನ್ನು ಮುಟ್ಟುತ್ತಿರಲಿಲ್ಲ. ‘ಓನ್ಲಿ ಫರ್ನ್ಸ್ ಹ್ಯಾವ್ ಮ್ಯಾನರ್ಸ್, ಗರ್ಲ್ಸ್’ ಎನ್ನುತ್ತಿದ್ದರು. ಗಾಜಿನ ಕೆಳಗೆ ತೆಪ್ಪಗೆ ಮಲಗುವ ಎಲೆ ಅದೊಂದೇ ಅಂತೆ. ಮದುವೆಯಾಗಿ ನಾನು ಗಡಿಯಾಚೆ ಮಹಾರಾಷ್ಟ್ರದ ಜತ್ ತಾಲೂಕಿಗೆ ಬಂದು, ಸಂಖ ಎಂಬ ಊರಿನ ಆಚೆಗಿನ ಒಂದು ಪುಟ್ಟ ವಸ್ತಿಯ ಕನ್ನಡ ಶಾಲೆಗೆ ಸೇರಿದಾಗ, ಕಣ್ಣು ಹಾಯುವಷ್ಟು ದೂರ ಮ್ಯಾನರ್ಸ್ ಇರುವ ಒಂದು ಎಲೆಯೂ ಕಾಣಲಿಲ್ಲ. ಜಾಲಿ, ಎಕ್ಕೆ, ಕಳ್ಳಿ, ಬೇವು. ಒಂದೋ ಚುಚ್ಚುವುದು, ಇಲ್ಲವೇ ಕಹಿ. ಆದರೆ ಬಿಸಿಲು? ಬಿಸಿಲಿನಲ್ಲಿ ನಾವು ಮಿಲಿಯನೇರ್‌ಗಳು. ದ್ರಾಕ್ಷಿಯನ್ನು ಒಣದ್ರಾಕ್ಷಿ ಮಾಡುವ ಬಿಸಿಲು ನಮ್ಮದು. ಅದು ದ್ರಾಕ್ಷಿಗಷ್ಟೇ ನಿಲ್ಲಲಿಲ್ಲ ಎಂಬುದು ನನ್ನ ಮುಖ ನೋಡಿದರೆ ತಿಳಿಯುತ್ತದೆ.

ಮೊದಲ ಶನಿವಾರ ನಾನು ಮಾಡಿದ ಬ್ಲಂಡರ್ ಹೇಳಿಬಿಡುತ್ತೇನೆ, ನೀವು ಮಾಡಬೇಡಿ. ಹಾಳೆಗಳನ್ನು ಕತ್ತಲ ಕೋಣೆಯಲ್ಲೇ ಬಳಿದೆ, ಥೇಟ್ ಸಿಸ್ಟರ್ ಹೇಳಿದ ಹಾಗೆ. ಒಣಗಿಸಲು ಮಾತ್ರ, ಮನೆಯಲ್ಲಿ ಬಟ್ಟೆ ಒಣಹಾಕಿದ ಅಭ್ಯಾಸದಿಂದ, ಅಂಗಳದ ಹಗ್ಗಕ್ಕೆ ಹಾಕಿದೆ. ಮಟಮಟ ಬಿಸಿಲು. ಆಮೇಲೆ ಮಕ್ಕಳು ಎಲೆಯಿಟ್ಟರು, ಹತ್ತು ನಿಮಿಷ ಕಾದರು, ತೊಳೆದರು. ನಲವತ್ತು ಮಕ್ಕಳ ಕೈಯಲ್ಲಿ ನಲವತ್ತು ನೀಲಿ ಹಾಳೆ. ಎಲೆ ಇಲ್ಲ, ಗಿಡ ಇಲ್ಲ, ಏನೂ ಇಲ್ಲ. ನನ್ನ ಕಣ್ಣಲ್ಲಿ ನೀರು ಬಂತು. ಆಗ ಅಡುಗೆಮನೆಯಿಂದ ಸೌಟು ಹಿಡಿದುಕೊಂಡೇ ಬಂದವಳು ಮಲಕವ್ವ. ಮಕ್ಕಳಿಗೆ ಮಧ್ಯಾಹ್ನದ ಖಿಚಡಿ ಬೇಯಿಸುವವಳು, ನನಗಿಂತ ಹತ್ತು ಹನ್ನೆರಡು ವರ್ಷ ಚಿಕ್ಕವಳು, ಶಾಲೆಯ ಒಳಗೆ ದಿನಾ ಇದ್ದರೂ ಅಕ್ಷರದ ಗೋಜಿಗೆ ಹೋದವಳಲ್ಲ. ಒಂದು ಹಾಳೆ ಎತ್ತಿ ದೂರ ಹಿಡಿದು ನೋಡಿದಳು.

“ಆಕಾಶ ಭಾಳ ಚಲೋ ಬಂದೈತ್ರಿ ಬಾಯಾರ. ಒಂದ ಮೋಡಾ ಸುದ್ದಾ ಇಲ್ಲ.”

ಮರಾಠಿ ರೂಢಿಯಂತೆ ನಮ್ಮಲ್ಲಿ ಟೀಚರಮ್ಮನಿಗೆ ಬಾಯಿ ಎನ್ನುತ್ತಾರೆ. ಮಕ್ಕಳು ಅವಳ ಮಾತು ಕೇಳಿ ಖುಷಿಯಿಂದ ತಮ್ಮ ತಮ್ಮ ಆಕಾಶ ಮನೆಗೆ ಒಯ್ದರು. ಇಂಗ್ಲಿಷ್ ಪೀರಿಯಡ್ಡಿನಲ್ಲಿ ಇದೇ ಮಕ್ಕಳು ಒಂದು ಸ್ಪೆಲ್ಲಿಂಗ್ ತಪ್ಪಿದರೆ ಬೆಂಚಿನ ಕೆಳಗೆ ಸೇರಿಕೊಳ್ಳುತ್ತಿದ್ದರು. ಬಿಸಿಲ ಚಿತ್ರದಲ್ಲಿ ತಪ್ಪೆಂಬುದೇ ಇಲ್ಲ, ಹಾಳೆಯ ಮೇಲೆ ಏನು ಬಿತ್ತೋ ಅದೇ ಚಿತ್ರ ಎಂದು ನನಗೆ ಹೊಳೆದದ್ದು ಆ ದಿನ. ಈ ಪೀರಿಯಡ್ ಹೋಗಗೊಡಬಾರದು ಎಂದು ನಿಶ್ಚಯ ಮಾಡಿದ್ದೂ ಆ ದಿನವೇ.

ಮಾಳಿಗೆಗೆ ಹೋದದ್ದು ಅಂಗಳದಲ್ಲಿ ಬೇವಿನ ಮರದ ನೆರಳು ತಿರುಗುತ್ತಿತ್ತೆಂದು. ಮಾಳಿಗೆಯ ಮೇಲೆ ಗಾಳಿ. ಎಲೆ ಹಾರದ ಹಾಗೆ ಗಾಜು ಬೇಕು. ಶಾಲೆಯಲ್ಲಿ ದೊಡ್ಡ ಗಾಜು ಎಂದರೆ ಹೆಡ್ಮಾಸ್ತರ ಚನ್ನಪ್ಪ ಗುರೂಜಿಯ ಟೇಬಲ್ ಮೇಲಿನದು ಒಂದೇ. ಅದರ ಕೆಳಗೆ ಅವರು ಎಸ್.ಟಿ. ಬಸ್ಸಿನ ವೇಳಾಪಟ್ಟಿ ಇಟ್ಟುಕೊಂಡಿದ್ದರು. ಪ್ರತಿ ಶನಿವಾರ ನಾನು, ಮಲಕವ್ವ ಆ ಗಾಜನ್ನು ಹೆಣದ ಹಾಗೆ ಹೊತ್ತು ಮೆಟ್ಟಿಲು ಹತ್ತುವುದು, ಗುರೂಜಿ ಕೆಳಗೆ ಹಾರುವ ವೇಳಾಪಟ್ಟಿಯನ್ನು ಎರಡೂ ಕೈಯಿಂದ ಅದುಮಿ ಕೂಡುವುದು. ಗಾಜಿನಡಿ ನಾಲ್ಕೇ ಹಾಳೆ ಹಿಡಿಯುತ್ತಿದ್ದವು. ಉಳಿದವುಗಳ ಎಲೆಯ ಮೇಲೆ ಬೆಣಚು ಕಲ್ಲಿಡುತ್ತಿದ್ದೆವು.

ಎರಡು ನಿಯಮ ಮಾಡಿದೆ. ಒಂದು, ಹಾಳೆಯ ಕೆಳಗೆ ಮೂರು ಸಾಲು ಬರೆಯಲೇಬೇಕು: ಹೆಸರು, ಸಿಕ್ಕ ಜಾಗ, ಹರಿದದ್ದೋ ತಾನಾಗಿ ಬಿದ್ದದ್ದೋ. ಇದು ಸಿಸ್ಟರ್ ಬೆನಡಿಕ್ಟಾರ ಪದ್ಧತಿ. ಗಿಡದಿಂದ ಹರಿದು ತಂದವರಿಗೆ ಅವರ ಹತ್ತಿರ ಮಾರ್ಕ್ಸ್ ಕಡಿಮೆ. ಎರಡನೆಯದು, ಹಾಳೆಯ ಮೇಲೆ ಯಾರ ನೆರಳೂ ಬೀಳಬಾರದು. ಮಕ್ಕಳು ಬಗ್ಗಿ ಬಗ್ಗಿ ನೋಡುವವರೇ. ಹಾಗಾಗಿ ದಿನಕ್ಕೆ ನೂರು ಸಲ ‘ಶ್ಯಾಡೋ ಪ್ಲೀಸ್!’ ಎಂದು ಕೂಗುತ್ತಿದ್ದೆ. ಕಾನ್ವೆಂಟಿನ ಅಭ್ಯಾಸ, ನಾಲಿಗೆ ತಾನೇ ಹಾಗೆ ಹೊರಳುತ್ತಿತ್ತು. ಸ್ವಲ್ಪ ದಿನದಲ್ಲಿ ವಸ್ತಿಯಲ್ಲೆಲ್ಲ ಈ ಮಾತು ಹಬ್ಬಿ, ‘ದಾರಿ ಬಿಡಿ’ ಎಂಬ ಅರ್ಥ ಪಡೆಯಿತು. ಒಬ್ಬ ಹುಡುಗಿ ಅಡ್ಡ ನಿಂತ ಎಮ್ಮೆಗೆ ‘ಶ್ಯಾಡೋ ಪ್ಲೀಸ್’ ಎಂದದ್ದನ್ನು, ಎಮ್ಮೆ ಸರಿದದ್ದನ್ನು ನಾನೇ ಕಂಡಿದ್ದೇನೆ. ಮೂವತ್ತು ವರ್ಷದ ಇಂಗ್ಲಿಷ್ ಬೋಧನೆಯಲ್ಲಿ ಅಷ್ಟು ಸ್ಪಷ್ಟ ರಿಸಲ್ಟ್ ನನಗೆ ಮತ್ತೆ ಸಿಗಲಿಲ್ಲ.

ಮಲಕವ್ವನ ಆಡು ಮಾತ್ರ ಯಾವ ಭಾಷೆಗೂ ಬಗ್ಗುತ್ತಿರಲಿಲ್ಲ. ಮೆಟ್ಟಿಲು ಹತ್ತಿ ಬಂದು, ಕಲ್ಲು ಸರಿಸಿ, ಬಿಸಿಲಿಗಿಟ್ಟ ಬೇವಿನ ಎಸಳನ್ನು ಅರ್ಧ ವೇಳೆಗೇ ತಿಂದುಬಿಟ್ಟಿತು. ಹಾಳೆ ತೊಳೆದರೆ ಬೇವು ಪೂರ್ತಿ ಬಿಳಿಯೂ ಅಲ್ಲ, ನೀಲಿಯೂ ಅಲ್ಲ, ದೆವ್ವದ ಹಾಗೆ ಮಸಕು. ಆ ಹಾಳೆಯ ಹುಡುಗಿ ಅಳದೆ ಕೆಳಗೆ ಬರೆದಳು: ‘ಹೆಸರು: ಬೇವು. ಸಿಕ್ಕ ಜಾಗ: ಗುಡಿ ಹಿಂದ. ಆಡು ತಿಂದದ್ದು.’ ಮೂರನೆಯ ಸಾಲನ್ನು ತಮಗೆ ಕಂಡಂತೆ ತಿದ್ದುವ ಹಕ್ಕು ಅಂದಿನಿಂದ ಮಕ್ಕಳಿಗೆ ಬಂತು. ನಾನು ತಡೆಯಲಿಲ್ಲ. ಸತ್ಯ ಬರೆಯುವವರನ್ನು ತಡೆಯಬಾರದು.

ಮೊದಲ ಸಲ ಡಸ್ಟರ್ ಎತ್ತಿದ್ದು ಶಾಲೆಗಳ ತಪಾಸಣೆಗೆ ಬರುವ ಸಾಹೇಬರು. ಬಾಯಿ ಮಕ್ಕಳನ್ನು ಬಿಸಿಲಿಗೆ ಕೂಡಿಸಿ ಕಾಗದ ಕಾಯಿಸುತ್ತಾಳೆ ಎಂದು ಯಾರೋ ಪಾಲಕರು ದೂರು ಕೊಟ್ಟಿದ್ದರು. ನಿಜ ಹೇಳಬೇಕೆಂದರೆ ದೂರಿನಲ್ಲಿ ಸುಳ್ಳೇನೂ ಇರಲಿಲ್ಲ. ಸಾಹೇಬರು ಒಳ್ಳೆಯ ಗಾತ್ರದ ಮನುಷ್ಯ. ಏದುಸಿರು ಬಿಡುತ್ತ ಮಾಳಿಗೆ ಹತ್ತಿ ಬಂದು ಸರಿಯಾಗಿ ಹಾಳೆಗಳ ಮುಂದೆ ನಿಂತರು. ನನ್ನ ನಾಲಿಗೆ ಹೊರಳಿತು: ಶ್ಯಾಡೋ ಪ್ಲೀಸ್. ಚನ್ನಪ್ಪ ಗುರೂಜಿ ಕಣ್ಣು ಮುಚ್ಚಿಕೊಂಡರು. ಆದರೆ ಸಾಹೇಬರಿಗೆ ಸರಿಯಿರಿ ಎಂದು ಅವರ ಜನ್ಮದಲ್ಲಿ ಯಾರೂ ಹೇಳಿರಲಿಲ್ಲವೋ ಏನೋ, ತಮಗೆ ಹೇಳಿದ್ದೆಂದು ಹೊಳೆಯಲೇ ಇಲ್ಲ. ಹತ್ತು ನಿಮಿಷ ಅಲ್ಲೇ ನಿಂತು ಮಕ್ಕಳಿಗೆ ಹದಿಮೂರರ ಮಗ್ಗಿ ಕೇಳಿದರು.

ಮಗ್ಗಿ ಮುಗಿಯಿತು, ಹಾಳೆ ತೊಳೆಯುವ ವೇಳೆ ಬಂತು. ಸಾಹೇಬರು ನನ್ನನ್ನು ಬಿಡಲೊಲ್ಲರು. ಹಾಳೆಗಳನ್ನು ಮಲಕವ್ವನ ಕೈಗೆ ಕೊಟ್ಟು, ಕೆಳಗೆ ಒಯ್ದು ಸ್ವಚ್ಛ ತೊಳೆದು ತಾ ಎಂದೆ. ಸಾಹೇಬರು ನೋಡುವಂಥವು, ಚೆನ್ನಾಗಿ ತೊಳೆ ಎಂದೂ ಸೇರಿಸಿದೆ. ಆ ಒಂದು ಮಾತು ಸೇರಿಸಬಾರದಿತ್ತು. ಮಲಕವ್ವ ಚೆನ್ನಾಗಿ ತೊಳೆಯುವುದೆಂದರೆ ಖಿಚಡಿಯ ಹಂಡೆಯನ್ನು ತೊಳೆಯುವ ಹಾಗೆ: ವಾಷಿಂಗ್ ಸೋಡಾ ಹಾಕಿ. ಸೋಡಾ ನೀರಿಗೆ ಬಿದ್ದ ಕೂಡಲೇ ನೀಲಿ ಬಣ್ಣ ಹೆದರಿದವರ ಮುಖದ ಹಾಗೆ ಹಳದಿ ತಿರುಗಿತಂತೆ. ಇನ್ನೊಬ್ಬರಾಗಿದ್ದರೆ ಕೂಗಿಕೊಳ್ಳುತ್ತಿದ್ದರು. ಮಲಕವ್ವ ತನ್ನ ಬಣ್ಣ ಹೋದ ಕುಪ್ಪಸಕ್ಕೆ ಏನು ಮಾಡುತ್ತಿದ್ದಳೋ ಅದನ್ನೇ ಮಾಡಿದಳು. ಒಲೆಯ ಮೇಲೆ ಸಾಹೇಬರಿಗೆಂದು ಚಹಾ ಕುದಿಯುತ್ತಿತ್ತು, ಹಾಲು ಇನ್ನೂ ಬಿದ್ದಿರಲಿಲ್ಲ. ನಲವತ್ತೂ ಹಾಳೆಗಳನ್ನು ಅದರಲ್ಲಿ ಅದ್ದಿದಳು.

ಹಾಳೆಗಳು ಮೇಲೆ ಬಂದವು. ನೀಲಿಯಿಲ್ಲ. ಬದಲಿಗೆ ಒಂದು ಕಂದು ಬಣ್ಣ, ಹಳೆಯ ಕಾಲದ ಫೋಟೋಗಳಿಗಿರುತ್ತದಲ್ಲ, ಹಾಗೆ. ಅದರೊಳಗೆ ಜಾಲಿ, ಬೇವು, ಎಕ್ಕೆ ಎಲ್ಲ ಮೊದಲಿಗಿಂತ ಚೆಂದ ನಿಂತಿದ್ದವು. ಇವು ಈಗ ನೀಲಿ ಇದ್ದವಲ್ಲ ಎಂದು ಸಾಹೇಬರು ಕೇಳಿದರು. ನಾನು ಬೆನ್ನು ನೆಟ್ಟಗೆ ಮಾಡಿ, ಸಿಸ್ಟರ್ ಬೆನಡಿಕ್ಟಾರನ್ನು ನೆನೆದು, ‘ಸೆಪಿಯಾ ಟೋನಿಂಗ್, ಸರ್’ ಎಂದೆ. ಕಾನ್ವೆಂಟ್ ಇಂಗ್ಲಿಷಿನ ಉಪಯೋಗ ಇಂಥಲ್ಲಿ. ಹಾಂ ಹಾಂ, ಸೆಪಿಯಾ, ಎಂದು ಅವರು ತಲೆಯಾಡಿಸಿದರು. ಇತ್ತ ಗುರೂಜಿ ಚಹಾ ಎಲ್ಲಿ ಎಂದು ಸನ್ನೆ ಮಾಡಿದರೆ, ಮಲಕವ್ವ ಎಲ್ಲರಿಗೂ ಕೇಳುವ ಹಾಗೆ ಹೇಳಿದಳು:

“ಚಹಾದಾಗ ಬೇವ ಮುಣಗಿಸೇನ್ರಿ. ಕುಡೀತಾರೇನ್ ಕೇಳ್ರಿ.”

ಅಷ್ಟರಲ್ಲಿ ಮಕ್ಕಳು ಕೆಳಗಿನ ಸಾಲು ಬರೆದು ಮುಗಿಸಿದ್ದರು. ಒಂದು ಹಾಳೆಯಲ್ಲಿ ಎಸಳಿನ ಪಕ್ಕದಲ್ಲಿ ದುಂಡಗೆ ಒಂದು ತಿಳಿ ಮಚ್ಚೆ. ಕೆಳಗೆ: ‘ಹೆಸರು: ಬೇವು ಮತ್ತು ಸಾಹೇಬರು. ಸಿಕ್ಕ ಜಾಗ: ಸಾಲಿ ಮಾಳಗಿ. ತಾನಾಗಿ ಬಿದ್ದದ್ದು.’ ಸಾಹೇಬರು ಓದಿದರು. ಇದರಲ್ಲಿ ನಾನು ಯಾವುದು ಎಂದು ಕೇಳಿದರು. ಮಕ್ಕಳು ಬೆರಳಿಟ್ಟು ತೋರಿಸಿದರು. ಬಹಳ ಹೊತ್ತು ನೋಡಿದರು, ಆಮೇಲೆ ಹೊಟ್ಟೆ ಸ್ವಲ್ಪ ಒಳಗೆಳೆದುಕೊಂಡರು. ಆ ಹಾಳೆಯನ್ನು ಮಡಚದೆ ಫೈಲಿನಲ್ಲಿಟ್ಟುಕೊಂಡು ಹೋದರು. ದೂರಿನ ಮಾತೇ ಎತ್ತಲಿಲ್ಲ.

ಎರಡನೆಯ ಸಲ ಡಸ್ಟರ್ ಎತ್ತಿದವರು ನಮ್ಮವರೇ, ಚನ್ನಪ್ಪ ಗುರೂಜಿ. ಸಾಂಗಲಿಯಿಂದ ತರಿಸಿದ ಕೆಂಪು ಉಪ್ಪಿನ ಬಾಟಲಿ ಹೇಗೋ ಅವರ ಕೈಗೆ ಸಿಕ್ಕಿತು. ಭೂತಗನ್ನಡಿ ಹಿಡಿದು ಲೇಬಲ್ ಓದಿದರು. ಪೊಟ್ಯಾಸಿಯಂ ಫೆರಿಸಯನೈಡ್. ಮುಂದಿನ ಕ್ಷಣ ಬಾಟಲಿ ಟೇಬಲ್ ಮೇಲೆ, ಗುರೂಜಿ ಗೋಡೆಯ ಹತ್ತಿರ.

“ಬಾಯಾರ, ಸಾಲಿ ನಡಸ್ತೀರೋ ಯುದ್ಧ ನಡಸ್ತೀರೋ?”

ನಾನು ಸಮಾಧಾನದಿಂದ ಹೇಳಿದೆ: ಹೆಸರು ಹಾಗಿದೆ, ಆದರೆ ಅದರೊಳಗಿನ ಕಬ್ಬಿಣ ಆ ವಿಷವನ್ನು ಗಟ್ಟಿಯಾಗಿ ಹಿಡಿದುಕೊಂಡಿರುತ್ತದೆ, ಬಿಡುವುದಿಲ್ಲ, ಬಾಯಿಗೆ ಹಾಕದೆ, ಆಸಿಡ್ಡಿಗೆ ಸೇರಿಸದೆ ಕೆಲಸ ಮಾಡಿದರೆ ಏನೂ ಆಗದು. ಬೋರ್ಡಿನ ಮೇಲೆ ಫಾರ್ಮುಲಾ ಕೂಡ ಬರೆದು ತೋರಿಸಿದೆ. ಗುರೂಜಿ ಪೂರ್ತಿ ಕೇಳಿದರು.

“ಹಿಡಕೊಂಡೈತಿ ಅಂತೀರಿ. ಬಿಟ್ರ?”

ಗುರೂಜಿ ಬಾಟಲಿಯನ್ನು ಕೆಂಪು ಬಟ್ಟೆಯಲ್ಲಿ ಕಟ್ಟಿಸಿ, ಮಕ್ಕಳ ಕೈಗೆ ಸಿಗದ ಹಾಗೆ ಅಂಗಳದ ಬೇವಿನ ಮರದ ಮೇಲಿನ ಕೊಂಬೆಗೆ ತೂಗುಹಾಕಿಸಿದರು. ಬೀರುವಿನಲ್ಲಿಟ್ಟರೆ ರಜಿಸ್ಟರುಗಳಿಗೆ ಅಪಾಯ ಎಂಬುದು ಅವರ ಲೆಕ್ಕ. ತಿಂಗಳೊಪ್ಪತ್ತಿನಲ್ಲಿ ಆ ಕೊಂಬೆಗೆ ಇನ್ನೂ ಐದು ಕೆಂಪು ಗಂಟುಗಳು ಬಂದವು. ಹೆಡ್ಮಾಸ್ತರೇ ಹರಕೆ ಕಟ್ಟಿದ್ದಾರೆ ಎಂದ ಮೇಲೆ ಮರದಲ್ಲಿ ಏನೋ ಸತ್ಯವಿದೆ ಎಂದು ಜನ ಬಂದು ತಾವೂ ಕಟ್ಟಿದ್ದರು. ಒಬ್ಬಾಕೆಯ ಮಗಳಿಗೆ ವರ ಗೊತ್ತಾಯಿತಂತೆ. ತೆಂಗಿನಕಾಯಿ ಒಡೆದು ಶಾಲೆಗೆಲ್ಲ ಹಂಚಿದಳು. ಗುರೂಜಿ ಖೊಬ್ಬರಿ ತಿಂದರು, ಆದರೆ ಬಾಟಲಿ ಇಳಿಸಲಿಲ್ಲ.

ಎರಡು ಶನಿವಾರ ಮಕ್ಕಳು ಲಕೋಟೆ ಅಂಟಿಸಿದರು. ಆ ಎರಡು ಶನಿವಾರ ನನಗೆ ಈಗಲೂ ಗೋಂದಿನ ವಾಸನೆಯ ಸಮೇತ ನೆನಪಿವೆ. ಮೂರನೆಯ ಶುಕ್ರವಾರ, ಮಲಕವ್ವ ಖಿಚಡಿಗೆ ಅರಿಷಿಣ ಹಾಕುತ್ತಿದ್ದುದನ್ನು ನೋಡುತ್ತ ನಿಂತಾಗ, ಸಿಸ್ಟರ್ ಒಮ್ಮೆ ಹೂವಿನ ರಸ ಬಳಿದ ಹಾಳೆ ಬಿಸಿಲಿಗೆ ಬಿಳಿಚುತ್ತದೆ ಎಂದಿದ್ದು ನೆನಪಾಯಿತು. ಅರಿಷಿಣದ ಸೀರೆ ಬಿಸಿಲಿಗೆ ಹಾಕಿದರೆ ಬಣ್ಣ ಹೋಗುವುದು ಯಾವ ಹೆಂಗಸಿಗೆ ಗೊತ್ತಿಲ್ಲ? ಅರಿಷಿಣದ ಪೇಟೆಯೆಂದೇ ಹೆಸರಾದ ಸಾಂಗಲಿ ಜಿಲ್ಲೆಯಲ್ಲಿ ಕೂತು ಅರಿಷಿಣ ಬಿಟ್ಟು ಪೊಟ್ಯಾಸಿಯಂ ಹುಡುಕಿದ ನನ್ನ ಬುದ್ಧಿಗೆ ಏನು ಹೇಳುವುದು. ಅರಿಷಿಣವನ್ನು ಸ್ಪಿರಿಟ್ಟಿನಲ್ಲಿ ನೆನೆಸಿ, ಸೋಸಿ, ಹಾಳೆಗೆ ಬಳಿದೆ. (ಈಚೆಗೆ ಕೊರೋನಾ ಮುಗಿದ ಮೇಲೆ ಶಾಲೆಯಲ್ಲಿ ಡ್ರಮ್ಮುಗಟ್ಟಲೆ ಸ್ಯಾನಿಟೈಸರ್ ಉಳಿಯಿತಲ್ಲ, ನೀರಿನ ಹಾಗಿರುವುದು, ಸ್ಪಿರಿಟ್ಟಿಗಿಂತ ಫಸ್ಟ್ ಕ್ಲಾಸ್. ಬರೆದಿಟ್ಟುಕೊಳ್ಳಿ.) ಎಲೆಯಿಟ್ಟು ಹತ್ತು ನಿಮಿಷವಲ್ಲ, ಮೂರು ತಾಸು ಬಿಸಿಲು ಬೇಕು. ಬೆಳಗಿನ ಶಾಲೆಗೆ ಇಟ್ಟರೆ ಖಿಚಡಿಯ ವೇಳೆಗೆ ಹಾಳೆ ಬಿಳಿಚಿ, ಎಲೆ ಇದ್ದಲ್ಲಿ ಮಾತ್ರ ಹಳದಿ.

ಚಿತ್ರ ಬಂತು, ಆದರೆ ತಿಳಿ ಹಳದಿಯ ಮೇಲೆ ಹಳದಿ, ಕಂಡೂ ಕಾಣದ ಹಾಗೆ. ನಾನು ಮುಖ ಸಣ್ಣದು ಮಾಡಿಕೊಂಡೆ. ಮಲಕವ್ವ ಸೋಡಾದ ಡಬ್ಬಿ ತಂದಳು. ನಾನು ಬೇಡ ಬೇಡ ಎನ್ನುವುದರೊಳಗೆ ಹಾಳೆ ಸೋಡಾ ನೀರಿನಲ್ಲಿತ್ತು. ಎಲೆ ಇಟ್ಟಿಗೆಯಂತೆ ಕೆಂಪಗೆ ಎದ್ದು ನಿಂತಿತು.

“ಅರಿಷಿಣಕ್ಕ ಸುಣ್ಣ ಇಲ್ಲಾ ಸೋಡಾ ಬಿದ್ರ ಕೆಂಪ ಆಗತೈತಿ. ಆರತಿ ನೀರ ಹೆಂಗ ಮಾಡ್ತೀರಿ ನೀವು? ಕಾನ್ವೆಂಟಿನಾಗ ಅದನ್ನ ಕಲಿಸಲಿಲ್ಲೇನ್ರಿ?”

ಕಲಿಸಿರಲಿಲ್ಲ. ಒಮ್ಮೆ ನನ್ನ ನಲವತ್ತು ಚಿತ್ರ ತಿಂದ ಸೋಡಾ ಈಗ ಚಿತ್ರ ಎಬ್ಬಿಸುವ ಔಷಧಿಯಾಯಿತು. ಗುರೂಜಿ ಅರಿಷಿಣದ ಲೇಬಲ್ ಕೂಡ ಭೂತಗನ್ನಡಿಯಿಂದ ಓದಿದರು. ತಪ್ಪು ಸಿಗಲಿಲ್ಲ. ಪೀರಿಯಡ್ ಬದುಕಿತು.

ಮೂರನೆಯದು ಎಲ್ಲಕ್ಕಿಂತ ಅಪಾಯದ್ದು, ಯಾಕೆಂದರೆ ಅದು ಕಾಗದದಲ್ಲಿ ಬಂತು. ಅದೇ ಸಾಹೇಬರು, ಈಗ ಇನ್ನಷ್ಟು ಗಾತ್ರ, ಎರಡು ಕೆಲಸ ಹಚ್ಚಿಕೊಂಡು ಬರುವವರಿದ್ದರು. ಒಂದು, ಶನಿವಾರದ ಈ ಪೀರಿಯಡ್ ತೆಗೆದು ಸ್ಕಾಲರ್‌ಶಿಪ್ ಪರೀಕ್ಷೆಯ ಪ್ರಾಕ್ಟೀಸ್‌ಗೆ ಕೊಡುವುದು. ಇನ್ನೊಂದು, ನಮ್ಮ ಶಾಲೆ ತಂಬಾಕುಮುಕ್ತ ಶಾಲೆ ಹೌದೋ ಅಲ್ಲವೋ ನೋಡಿ ಸಹಿ ಮಾಡುವುದು. ಎರಡನೆಯದಕ್ಕೆ ಗುರೂಜಿ ಗೇಟಿನ ಮೇಲೆ ಬೋರ್ಡ್ ಬರೆಸಿದ್ದರು. ತಾವು ತಂಬಾಕು ಬಿಟ್ಟು ವರ್ಷವಾಯಿತೆಂದು ಮಕ್ಕಳ ಮುಂದೆ ಭಾಷಣ ಮಾಡಿದ್ದರು. ಪಾಪ, ಬಿಡಲು ಪ್ರಯತ್ನ ಮಾಡಿದ್ದರು. ಅಂಗೈಯಲ್ಲಿ ತಂಬಾಕು ಹಾಕಿ, ಸಣ್ಣ ಡಬ್ಬಿಯಿಂದ ಹೆಬ್ಬೆರಳ ತುದಿಗೆ ಸುಣ್ಣ ಹಚ್ಚಿಕೊಂಡು ತಿಕ್ಕುವ ಆ ಕೆಲಸ ಅವರ ಕೈಗೆ ಎಷ್ಟು ರೂಢಿಯಾಗಿತ್ತೆಂದರೆ, ತಲೆಗೆ ಗೊತ್ತಾಗದೆ ಕೈಯೇ ಮಾಡಿಬಿಡುತ್ತಿತ್ತು.

ನನ್ನ ಪರವಾಗಿ ಆ ದಿನ ಗುರೂಜಿ ಬೆಳಿಗ್ಗೆಯೇ ಬಂದಿದ್ದರು. ಸಾಹೇಬರು ಪ್ರದರ್ಶನ ನೋಡಿದರೆ ಮನಸ್ಸು ಬದಲಿಸಿಯಾರು ಎಂದು, ಸೋಡಾ ನೀರಿಗೆ ಇನ್ನೂ ಹಾಕದ ಹಳದಿ ಹಾಳೆಗಳನ್ನು ತಾವೇ ಒಂದೊಂದಾಗಿ ಹಿಡಿದು ವರಾಂಡದ ಹಗ್ಗಕ್ಕೆ ಕ್ಲಿಪ್ ಹಾಕಿದರು. ಬಾಟಲಿ ಮರಕ್ಕೇರಿಸಿದ ಮನುಷ್ಯ ಅವರೇ. ಆದರೂ ಆ ಪೀರಿಯಡ್ ಹೋಗಬಾರದೆಂದು ಅವರಿಗೂ ಇತ್ತು. ಅದನ್ನು ನಾನು ಗಮನಿಸಿ ಕಣ್ಣು ಒರೆಸಿಕೊಂಡೆ. ಗಮನಿಸಬೇಕಾದ ಬೇರೆಯದನ್ನು ಗಮನಿಸಲಿಲ್ಲ.

ಸಾಹೇಬರು ಬಂದರು. ಹಗ್ಗದ ಉದ್ದಕ್ಕೂ ಮೆಲ್ಲನೆ ನಡೆದರು. ಪ್ರತಿ ಹಾಳೆಯ ಬಲಗಡೆ ಮೂಲೆಯಲ್ಲಿ ಕುಂಕುಮದಂಥ ಒಂದು ಕೆಂಪು ಹೆಬ್ಬೆರಳ ಗುರುತು. ಮೂವತ್ತೆಂಟು ಹಾಳೆ, ಮೂವತ್ತೆಂಟು ಹೆಬ್ಬೆರಳು, ಗೆರೆ ಗೆರೆ ಎಣಿಸುವಷ್ಟು ಸ್ಪಷ್ಟ. ಅರಿಷಿಣಕ್ಕೆ ಸುಣ್ಣ ಬಿದ್ದರೆ ಏನಾಗುತ್ತದೆಂದು ಈಗ ವಸ್ತಿಯ ಮೂರನೆಯ ಕ್ಲಾಸಿನ ಮಕ್ಕಳಿಗೂ ಗೊತ್ತು. ಮಕ್ಕಳು ಹಾಳೆ ನೋಡಿದರು, ಗುರೂಜಿಯ ಕೈ ನೋಡಿದರು. ಗುರೂಜಿ ಕೈ ಜೇಬಿಗೆ ಹಾಕಿದರು. ಮಲಕವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡು ಒಳಗೆ ಓಡಿದಳು.

ಇದೇನು ಮೂಲೆಯಲ್ಲಿ ಎಂದು ಸಾಹೇಬರು ಕೇಳಿದರು. ನನ್ನ ಪೀರಿಯಡ್ಡೂ ಹೋಯಿತು, ಗುರೂಜಿಯ ಮಾನವೂ ಹೋಯಿತು ಎಂದುಕೊಂಡೆ. ಸಾಹೇಬರು ಹತ್ತಿರದಿಂದ ನೋಡಲು ಒಂದು ಹಾಳೆಯನ್ನು ಹಗ್ಗದಿಂದ ಬಿಡಿಸಿ ಎರಡೂ ಕೈಯಲ್ಲಿ ಹಿಡಿದು ಕಣ್ಣಿಗೆ ತಂದರು. ಹಿಡಿದಿದ್ದ ಹಾಗೆಯೇ, ಹಾಳೆಯ ಎಡಗಡೆ, ಅವರ ಎಡ ಹೆಬ್ಬೆರಳ ಸುತ್ತ, ಕೆಂಪು ಹುಟ್ಟತೊಡಗಿತು. ಮೊದಲು ಒಂದು ಚುಕ್ಕೆ, ಆಮೇಲೆ ಅಂಚು, ಆಮೇಲೆ ಚೆನ್ನಾದ ಒಂದು ಪೂರ್ಣ ಹೆಬ್ಬೆರಳು, ಗುರೂಜಿಯದಕ್ಕಿಂತ ದೊಡ್ಡದು.

ಸಾಹೇಬರು ತಮ್ಮ ಬೆರಳು ನೋಡಿದರು. ಗುರೂಜಿಯ ಜೇಬು ನೋಡಿದರು. ಮೇಲೆ ಬೋರ್ಡ್ ಇದ್ದ ಗೇಟಿನ ಕಡೆ ಮಾತ್ರ ನೋಡಲಿಲ್ಲ.

“ಬಾಯಾರ,” ಎಂದರು ಕೊನೆಗೆ, ಬಹಳ ಮೆಲ್ಲಗೆ, “ಇದು ಸೂರ್ಯಾಂದ ಪ್ರಭಾವ ಏನ್ರಿ?”

“ಹೌದ್ರಿ ಸರ,” ಎಂದೆ. “ಪೂರಾ ಸೂರ್ಯಾಂದಽ.”

ತಪಾಸಣೆಯ ಬುಕ್ಕಿನಲ್ಲಿ ಅವರು ಬರೆದದ್ದು ನನಗೆ ಬಾಯಿಪಾಠ: ‘ಸದರಿ ಸೂರ್ಯಚಿತ್ರ ಉಪಕ್ರಮ ವಿದ್ಯಾರ್ಥಿಗಳಿಗೆ ಉಪಯುಕ್ತ. ಪ್ರತಿ ಶನಿವಾರ ಚಾಲೂ ಇಡತಕ್ಕದ್ದು.’ ಆ ಹಾಳೆಯನ್ನೂ ಅವರೇ ಒಯ್ದರು. ಮಕ್ಕಳು ಕೆಳಗೆ ಬರೆಯಲು ಕೇಳಿದರು, ಕೊಡಲಿಲ್ಲ. ಚನ್ನಪ್ಪ ಗುರೂಜಿ ಮಾತ್ರ ಆ ದಿನದಿಂದ ನಿಜಕ್ಕೂ ಬಿಟ್ಟರು. ಬಿಟ್ಟದ್ದಕ್ಕೆ ಪುರಾವೆಯಾಗಿ ಪ್ರತಿ ಶನಿವಾರ ಒಂದು ಹಳದಿ ಹಾಳೆಯ ಮೇಲೆ ಮಕ್ಕಳ ಎದುರು ಹೆಬ್ಬೆರಳು ಒತ್ತಿ ತೋರಿಸುತ್ತಿದ್ದರು, ರಿಟೈರ್ ಆಗುವ ತನಕ.

ಆಮೇಲೆ ನನ್ನ ಸರದಿ. ಬೀಳ್ಕೊಡುಗೆಯ ದಿನ ಶಾಲು, ತೆಂಗಿನಕಾಯಿ, ಒಂದು ಗೋಡೆ ಗಡಿಯಾರ. ಹೊಸ ಬಾಯಿ ಬರುವವಳಿದ್ದಳು, ಕಂಪ್ಯೂಟರ್ ಕಲಿತವಳಂತೆ. ಮೂರು ಸಲ ಉಳಿದ ಪೀರಿಯಡ್ ನಾಲ್ಕನೆಯ ಸಲ ನನ್ನಿಂದಲೇ ಹೋಗುತ್ತದೆ, ಯಾರೂ ಡಸ್ಟರ್ ಎತ್ತುವ ಅಗತ್ಯವೂ ಇಲ್ಲ ಎಂದು ನನಗೆ ಖಾತ್ರಿಯಿತ್ತು. ಹಾಗಾಗಿ ನಾನು ಒಂದು ವರ್ಷ ಶನಿವಾರ ಆ ದಾರಿಯಲ್ಲಿ ಹಾಯಲೇ ಇಲ್ಲ. ಸಂಖದ ಸಂತೆಗೂ ಸುತ್ತು ಬಳಸಿ ಹೋದೆ. ಲಕೋಟೆ ಅಂಟಿಸುವ ಮಕ್ಕಳನ್ನು ನೋಡುವ ಧೈರ್ಯ ಇರಲಿಲ್ಲ.

ಈ ವರ್ಷ ನನ್ನ ತಂಗಿಯ ಮಗಳು ಪುಣೆಯಿಂದ ಒಂದು ಪ್ಯಾಕೆಟ್ ಕಳಿಸಿದಳು. ಬಿಸಿಲ ಚಿತ್ರದ ರೆಡಿಮೇಡ್ ಹಾಳೆ! ಬಳಿಯುವುದಿಲ್ಲ, ಒಣಗಿಸುವುದಿಲ್ಲ, ಕಪ್ಪು ಚೀಲದಿಂದ ತೆಗೆದರಾಯಿತು, ಅದೇ ಹಳೆಯ ನೀಲಿ. ಮನೆಯಲ್ಲಿ ಒಬ್ಬಳೇ ಅದನ್ನೇನು ಮಾಡಲಿ? ಎರಡು ವಾರ ಕಪಾಟಿನಲ್ಲಿಟ್ಟು, ಮೂರನೆಯ ಶನಿವಾರ ಹೊರಟುಬಿಟ್ಟೆ. ಪ್ಯಾಕೆಟ್ ಕೊಟ್ಟು ಗೇಟಿನಿಂದಲೇ ಹಿಂತಿರುಗುವುದು ಎಂದು ಪ್ಲ್ಯಾನ್.

ಅಂಗಳ ಖಾಲಿ. ವರ್ಗದಲ್ಲಿ ಯಾರೂ ಇಲ್ಲ. ಹೆಡ್ಮಾಸ್ತರರ ಕೋಣೆಯಲ್ಲಿ ಹೊಸ ಗುರೂಜಿ ಹಾರುವ ಕಾಗದವನ್ನು ಎರಡೂ ಕೈಯಿಂದ ಅದುಮಿ ಕೂತಿದ್ದರು. ಟೇಬಲ್ ಮೇಲೆ ಗಾಜಿರಲಿಲ್ಲ.

ನನ್ನ ಮೊಣಕಾಲು ನೋವನ್ನು ಮರೆತು ಮೆಟ್ಟಿಲು ಹತ್ತಿದೆ. ಮಾಳಿಗೆಯ ಮೇಲೆ ಮಕ್ಕಳೆಲ್ಲ ಸಾಲಾಗಿ ಕೂತಿದ್ದಾರೆ, ನಡುವೆ ಹಳದಿ ಹಾಳೆಗಳು, ಕಲ್ಲು, ಗಾಜು. ಹೊಸ ಬಾಯಿ ಮಕ್ಕಳ ಸಾಲಿನಲ್ಲೇ ಕುಕ್ಕರಗಾಲಲ್ಲಿ ಕೂತು ತನ್ನ ಹಾಳೆಯ ಮೇಲೆ ದಾಳಿಂಬೆ ಎಲೆ ಜೋಡಿಸುತ್ತಿದ್ದಾಳೆ. ಕೈಯಲ್ಲಿ ಸೌಟು ಹಿಡಿದು ಎಲ್ಲರ ಮೇಲ್ವಿಚಾರಣೆ ಮಾಡುತ್ತಿದ್ದವಳು ಮಲಕವ್ವ. ಖಿಚಡಿ ಬೇಯಿಸುವವರಿಗೆ ರಿಟೈರ್‌ಮೆಂಟ್ ಇಲ್ಲ ಎಂಬುದನ್ನು ನಾನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಮೆಟ್ಟಿಲ ತುದಿಯಲ್ಲಿ ನಿಂತ ನನ್ನ ನೆರಳು ಹಾಳೆಗಳ ಮೇಲೆ ಬಿತ್ತು. ಆಕೆ ತಿರುಗಿ ಕೂಡ ನೋಡದೆ ಹೇಳಿದಳು:

“ಯಾರರೆ ಇರ್ರಿ. ಶ್ಯಾಡೋ ಪ್ಲೀಜ್ ರೀ.”

ಸರಿದೆ. ಎಮ್ಮೆಗಿಂತ ಲಗೂನೆ ಸರಿದೆ.

ಆಮೇಲೆ ನಗು, ಕುಂದ್ರಿ ಬಾಯಾರ, ನೀರು, ಬೆಲ್ಲ ಎಲ್ಲ ಆಯಿತು. ಪ್ಯಾಕೆಟ್ ಕೊಟ್ಟೆ. ಮಲಕವ್ವ ಮೂಸಿ ನೋಡಿ, ಇದರಲ್ಲಿ ಅರಿಷಿಣ ಇಲ್ಲವೇ ಎಂದು ಕೇಳಿದಳು. ಇಲ್ಲ, ಆಕಾಶದ ಬಣ್ಣ ಎಂದೆ. ಹೊಸ ಬಾಯಿ ಒಂದು ಹಾಳೆ ತೆಗೆದು ನೆಲಕ್ಕಿಟ್ಟಳು, ಒಬ್ಬ ಹುಡುಗಿ ಬಿದ್ದ ಜಾಲಿಯ ಟೊಂಗೆಯೊಂದನ್ನು ಅದರ ಮೇಲಿಟ್ಟಳು. ನೋಡಲು ಬಗ್ಗಿದೆ. ನನ್ನ ತಲೆಯ ನೆರಳು ಹಾಳೆಯ ಮೂಲೆಗೆ ಬಿತ್ತು. ಅಯ್ಯೋ ಸಾರಿ ಎಂದು ಹಿಂದೆ ಹೆಜ್ಜೆಯಿಡುವುದರೊಳಗೆ ಮಲಕವ್ವ ನನ್ನ ತೋಳು ಹಿಡಿದಳು.

“ಇವತ್ತ ಸರೀಬ್ಯಾಡ್ರಿ. ಹಂಗಽ ನಿಲ್ರಿ.”

ಹತ್ತು ನಿಮಿಷ ನಿಂತೆ. ಮೂಗು ತುರಿಸಿತು. ಕನ್ನಡಕ ಜಾರಿತು. ಆಡು, ಹಳೆಯದರ ಮಗಳೋ ಮೊಮ್ಮಗಳೋ, ಬಂದು ನನ್ನ ಸೆರಗಿನ ತುದಿ ಜಗಿಯಿತು. ತೊಳೆಯಲು ಒಯ್ಯುವಾಗ ಮಾತ್ರ ನಾನು ಹಿಂದೆ ಓಡಿದೆ, ಸೋಡಾ ಬ್ಯಾಡ ಎನ್ನುತ್ತ.

ಚಿತ್ರ ಚೆನ್ನಾಗಿದೆ ಎನ್ನಲಾರೆ. ಜಾಲಿ ಮುಳ್ಳು ಮುಳ್ಳಾಗಿ ಸ್ಪಷ್ಟವಿದೆ. ಮೂಲೆಯಲ್ಲಿ ನಾನು, ತುರುಬು ಸಮೇತ, ಒಂದರ ಮೇಲೊಂದಿಟ್ಟ ಎರಡು ಬಟಾಟೆಗಳ ಹಾಗೆ ತಿಳಿ ನೀಲಿಯಲ್ಲಿದ್ದೇನೆ. ಅದು ಈಗ ನನ್ನ ಮೇಜಿನ ಮುಂದೆ, ಬಿಸಿಲು ಬೀಳದ ಗೋಡೆಯ ಮೇಲಿದೆ. ಕೆಳಗೆ ಆ ಹುಡುಗಿ ಪೆನ್ಸಿಲ್ಲಿನಿಂದ ಮೂರು ಸಾಲು ಬರೆದಿದ್ದಾಳೆ. ಮೂರನೆಯದರಲ್ಲಿ ಒಂದು ಮಾತು ಬರೆದು, ಯೋಚಿಸಿ, ಹೊಡೆದುಹಾಕಿ, ಪಕ್ಕದಲ್ಲಿ ಬೇರೆ ಬರೆದಳು. ನಾನು ನೋಡುತ್ತಲೇ ಇದ್ದೆ.

‘ಹೆಸರು: ಜಾಲಿ ಮತ್ತು ಹಳೇ ಬಾಯಿ. ಸಿಕ್ಕ ಜಾಗ: ನಮ್ಮ ಸಾಲಿ ಮಾಳಗಿ. ತಾನಾಗಿ ಬಂದದ್ದು.’